ಪ್ರೋಟೀನಿಗೆ ರಜೆ ಇಲ್ಲ

ಜೀವಶಾಸ್ತ್ರ ಪಾಠ ಮಾಡಿದವನನ್ನು ಸಾವು-ಬದುಕಿನ ತಮಾಷೆಗಳು ನಿವೃತ್ತಿಯಾದ ಮೇಲೂ ಬಿಡುವುದಿಲ್ಲ ನೋಡಿ. ಮನೆ ಹುಡುಕಿಕೊಂಡು ಬರುತ್ತವೆ.

ಕರಿ ಕಂಬಳಿ

ಚಳ್ಳಕೆರೆಯ ಕಾಲೇಜು, ತೊಂಬತ್ತರ ದಶಕದ ಕೊನೆ. ಕೋಶದ ಪೊರೆಯ ಪಾಠ. ಪೊರೆಯೆಂದರೆ ಕೊಬ್ಬಿನ ಎರಡು ಪದರ. ಒಂದು ಬಗೆಯ ಕೊಬ್ಬು ಒಳಪದರದಲ್ಲೇ ಇರಬೇಕು. ಹೊರಕ್ಕೆ ಬಂದರೆ ಹಿಡಿದು ಒಳಕ್ಕೆ ಮಗುಚಿಹಾಕಲು ಒಂದು ಪ್ರೋಟೀನ್ ಇದೆ. ಅದು ಕೈಬಿಟ್ಟಿತೋ, ಆ ಕೊಬ್ಬು ಹೊರಗೆ ಮುಖ ತೋರಿಸುತ್ತದೆ. ‘ಇದು ಸಾಯುವ ಕೋಶ’ ಎಂದು ಭಕ್ಷಕ ಕೋಶಗಳು ಸದ್ದಿಲ್ಲದೆ ಬಂದು ನುಂಗುತ್ತವೆ.

ಇದನ್ನು ಆಡಿಸಿ ತೋರಿಸಲು ಹುಡುಗರನ್ನು ಎರಡು ಸಾಲು ನಿಲ್ಲಿಸಿದೆ. ಒಳಸಾಲಿನವರಿಗೆ ಕರಿ ಕಂಬಳಿ. ಹೊರಗೆ ಬಂದ ಕಂಬಳಿಯನ್ನು ಒಳಗೆ ದಬ್ಬುವ ಪ್ರೋಟೀನ್ ನಮ್ಮ ಅಟೆಂಡರ್, ತಿಂಗಳಿಗೆರಡು ರಜಾ ಅರ್ಜಿ ಬರೆಯುವ ಮನುಷ್ಯ.

“ಪ್ರೋಟೀನಿಗೆ ರಜೆ ಐತಾ ಸಾರ್?”

“ಊಟ ಐತೆ ಕಣಯ್ಯಾ, ರಜೆ ಇಲ್ಲ.”

ಗಂಟೆ ಹೊಡೆಯಲು ಆತ ಓಡಿದ್ದೇ ತಡ, ಕಂಬಳಿಗಳು ಒಂದೊಂದಾಗಿ ಹೊರಸಾಲಿಗೆ ಬಂದವು. ಕರೆಂಟೂ ಹೋಯಿತು. ಬಾಗಿಲು ತೆಗೆದ ಪ್ರಿನ್ಸಿಪಾಲರ ಎದುರು ಮಾತಿಲ್ಲದ ಹನ್ನೆರಡು ಕರಿ ಆಕೃತಿಗಳು. ಅವರು ಚಪ್ಪಲಿ ಹೊರಗೆ ಬಿಟ್ಟು ಮೆಲ್ಲಗೆ ಕೇಳಿದರು: “ಯಾರು ಹೋದ್ರು?”

ತಿರುಗಿದ ಅಂಗಿ

ಮುಂದಿನ ವಾರ ಅಟೆಂಡರ್ ಬೆವರುತ್ತಾ ಬಂದ. ಅಂಗಿ ತಿರುಗುಮುರುಗು.

“ನಂಗೇ ಗೊತ್ತಿಲ್ದಂಗೆ ಒಳಗಿಂದು ಹೊರಗೆ ಬಂದೈತೆ ಸಾರ್. ಬಸ್ ಸ್ಟ್ಯಾಂಡಿಂದ ಮೂರು ನಾಯಿ ಹಿಂದೆ ಬರ್ತಾವೆ. ಬೊಗಳಲ್ಲ!”

ನೋಡಿದರೆ ವರಾಂಡದಲ್ಲಿ ಮೂರು ನಾಯಿ, ಆತನನ್ನೇ ನೋಡುತ್ತಾ ಕೂತಿವೆ. ಅಂಗಿ ಸರಿಮಾಡಿ ಹಾಕಿಸಿದೆ. ಮೂರೂ ಎದ್ದುಹೋಗಿ ಪ್ರಿನ್ಸಿಪಾಲರ ಬಾಗಿಲಲ್ಲಿ ಕೂತವು. ಅಂದಿನಿಂದ ಅವರು ಬನಿಯನ್ನನ್ನೂ ಎರಡೆರಡು ಸಲ ನೋಡಿ ಹಾಕಿಕೊಳ್ಳುತ್ತಿದ್ದರಂತೆ.

ಕೌದಿ

ಅಟೆಂಡರ್ ನಿವೃತ್ತನಾಗಿ ಮೊಳಕಾಲ್ಮುರು ಸೇರಿದ. ಒಂದು ದಿನ ಆತನ ಮನೆಯಿಂದ ಕರೆ ಬಂತು. ಹೋದೆ.

“ಜ್ವರ ಬಿಟ್ಟೈತೆ ಅಂತಾರೆ ಡಾಕ್ಟ್ರು. ಆದ್ರೂ ನಾಕು ದಿನದಿಂದ ಅಗುಳು ಮುಟ್ಟಿಲ್ಲ, ಸಾಯ್ತೀನಿ ಅಂತ ಮಲಗವ್ರೆ,” ಎಂದು ಹೆಂಡತಿ ಅತ್ತಳು.

ಕತ್ತಲ ಕೋಣೆ. ಮೈಮೇಲೆ ಕೌದಿ, ಅದರ ಕರಿ ಅಸ್ತರು ಹೊರಗೆ. ಆತ ಪಿಸುಗುಟ್ಟಿದ: “ಅವ್ರು ಬಂದವ್ರೆ ಸಾರ್.”

“ಯಾರಯ್ಯಾ?”

“ತಿನ್ನೋರು. ಹೊರಗೆ ಕುಂತವ್ರೆ.”

ಬಾಗಿಲಿಂದ ಇಣುಕಿದೆ. ಎಂಟು ಜನ ನೆಂಟರು, ಸದ್ದಿಲ್ಲದೆ ಮಂಡಕ್ಕಿ ತಿನ್ನುತ್ತಿದ್ದರು.

ಎಂ.ಎಸ್ಸಿ. ಓದಿದ ಕೈಯಿಂದಲೇ ಕೌದಿ ಮಗುಚಿ ಹೊದಿಸಿದೆ. ಆತ ಕಣ್ಣು ಮುಚ್ಚಿದ. ಉಸಿರಿನ ಸದ್ದೂ ಇಲ್ಲ. ನಾನು ಬಗ್ಗಿ ಮೂಗಿನ ಹತ್ತಿರ ಬೆರಳಿಟ್ಟೆ.

“ಲೇ, ಮುದ್ದೆ ಇಕ್ಕೇ!” ಎಂದು ಕೂಗಿದ.

ಎರಡು ಮುದ್ದೆ ಮುಗಿಸಿ, ಬಸ್ಸಿಗೆ ಹೊರಟ ನನ್ನ ಕೈ ಹಿಡಿದ.

“ನಾಳೆ ಎಷ್ಟೊತ್ತಿಗೆ ಬರ್ತೀರಿ ಸಾರ್?”

“ನಾಳೆ ಯಾಕಯ್ಯಾ?”

“ಪ್ರೋಟೀನಿಗೆ ರಜೆ ಇಲ್ಲ ಅಂತ ನೀವೇ ಹೇಳಿದ್ದಲ್ವಾ? ಊಟ ಐತೆ, ಬರ್ರಿ.”