ನನ್ನ ಮುಡಿ, ಅತ್ತೆಯ ಲಡ್ಡು

ಕಷ್ಟ ಬಂದ ಮನೆಯಿಂದ ನಗು ದೂರ ನಿಲ್ಲುತ್ತದೆ ಅಂತ ತಿಳಿದಿದ್ದೆ. ನನಗೆ ಕ್ಯಾನ್ಸರ್ ಬಂದ ಮೇಲೆ ನೋಡಿದರೆ, ನಗು ಹೇಳದೆ ಕೇಳದೆ ಒಳಗೆ ಬಂದುಬಿಡುತ್ತದೆ. ಬೇಡ ಅನ್ನಲು ನನ್ನಲ್ಲೂ ಶಕ್ತಿ ಇರಲಿಲ್ಲ.

ಪ್ರಸಾದ

ಎರಡನೇ ಕೀಮೋ ಆದ ಮೇಲೆ ಕೂದಲು ಹಿಡಿಹಿಡಿಯಾಗಿ ಉದುರಿತು. ದಿನಾ ದಿಂಬು ಕೊಡವಿ ಅಳುವ ಬದಲು ಒಂದೇ ಸಲ ಅಳೋಣ ಅಂತ ಪೂರ್ತಿ ಬೋಳಿಸಿಕೊಂಡೆ. ಮಾರನೆಯ ಬೆಳಿಗ್ಗೆ ಸಂಜಯನಗರದ ನಮ್ಮ ಮನೆ ಗೇಟಿನಲ್ಲಿ ಹಾಲು ತೆಗೆದುಕೊಳ್ಳುವಾಗ ಎದುರು ಮನೆಯಾಕೆ ನನ್ನ ತಲೆ ನೋಡಿ ಕೈ ಮುಗಿದರು.

"ತಿರುಪತಿಗೆ ಹೋಗಿದ್ರಾ? ಹೇಳ್ಲೇ ಇಲ್ಲ. ಲಡ್ಡು ಎಲ್ರೀ?"

ಕಾಯಿಲೆ ಸುದ್ದಿ ಬೀದಿಗೆ ಗೊತ್ತಾಗಬಾರದು ಅಂತ ಅತ್ತೆಯ ಅಪ್ಪಣೆಯಾಗಿತ್ತು. ಅವರೇ ಒಳಗಿಂದ ಬಂದು, "ವಿಪರೀತ ರಶ್ಶು ಕಣಮ್ಮ, ಲಡ್ಡು ಸಿಗ್ಲಿಲ್ಲ" ಅಂದರು.

"ಲಡ್ಡು ಇಲ್ದೆ ಬಂದ್ರಾ? ಹಂಗಾದ್ರೆ ಹೋಗಿದ್ದೇ ದಂಡ ಬಿಡಿ."

ಸಮಾಧಾನ

ನೋಡಿಕೊಂಡು ಹೋಗಲು ಯಶವಂತಪುರದಿಂದ ನೆಂಟರೊಬ್ಬರು ಬಂದರು. ಬಾಯೆಲ್ಲ ಹುಣ್ಣಾಗಿ ನನಗೆ ನೀರೂ ಇಳಿಯದ ದಿನ ಅದು.

"ಹೆದರ್ಬೇಡಮ್ಮ. ನಮ್ಮ ಅತ್ತಿಗೆಗೂ ಹಿಂಗೇ ಆಗಿತ್ತು. ಆಮೇಲೆ ಎಂಥಾ ಕೂದ್ಲು ಬಂತು ಅಂತೀಯ, ಗುಂಗುರು ಗುಂಗುರು."

"ಈಗ ಹೇಗಿದಾರೆ?"

"ಹೋಗ್ಬಿಟ್ರು. ಕೂದ್ಲು ಮಾತ್ರ ಕೊನೇವರ್ಗೂ ಚೆನ್ನಾಗಿತ್ತು."

ನಕ್ಕೆ, ಹುಣ್ಣು ಉರಿಯಿತು. ಅವರು ಹೋದ ಮೇಲೆ ಅತ್ತೆ ಅವರು ಕುಡಿದಿಟ್ಟ ಕಾಫಿ ಲೋಟವನ್ನು ಎರಡು ಸಲ ತೊಳೆದರು.

ಹರಕೆ

ಚಿಕಿತ್ಸೆಯೆಲ್ಲ ಮುಗಿದು, ಹೆಬ್ಬಾಳದ ಹತ್ತಿರದ ಆಸ್ಪತ್ರೆಯಲ್ಲಿ ಡಾಕ್ಟರು ಸ್ಕ್ಯಾನ್ ನೋಡಿ, "ಸದ್ಯಕ್ಕೆ ಏನೂ ಇಲ್ಲ" ಅಂದರು. ಯಜಮಾನರಿಗೆ "ಏನೂ ಇಲ್ಲ" ಅಂದದ್ದು ಕೇಳಿಸಿತು, ನನಗೆ "ಸದ್ಯಕ್ಕೆ" ಅಂದದ್ದು. ಇವತ್ತಿಗೂ ಸುಮ್ಮನೆ ಬೆನ್ನು ನೋವು ಬಂದರೂ ಎದೆ ಧಸಕ್ಕೆನ್ನುತ್ತದೆ. ಒಂದು ಸ್ಕ್ಯಾನಿನಿಂದ ಇನ್ನೊಂದಕ್ಕೆ ಬದುಕುವುದನ್ನು ಕಲಿಯುತ್ತಿದ್ದೇನೆ.

ಅತ್ತೆ ಆ ವಾರವೇ ತಿರುಪತಿಗೆ ಹೋದರು, ಈ ಸಲ ನಿಜವಾಗಿ. ಸೊಂಟದವರೆಗೆ ಜಡೆ ಇದ್ದವರು, ದಿನಾ ಮೊಳ ಮಲ್ಲಿಗೆ ಮುಡಿಯುತ್ತಿದ್ದವರು, ಬೋಳು ತಲೆಯಲ್ಲಿ ಬಂದು ನಿಂತರು. ನಾನು ಉಳಿದರೆ ಮುಡಿ ಕೊಡುತ್ತೇನೆ ಅಂತ ಹರಕೆ ಹೊತ್ತಿದ್ದರಂತೆ. ನನಗೆ ಅಳು ತಡೆಯಲಾಗಲಿಲ್ಲ.

"ಡಾಕ್ಟ್ರು ಸದ್ಯಕ್ಕೆ ಅಂದಿದಾರೆ ಅತ್ತೆ. ಇಷ್ಟು ಬೇಗ ಯಾಕೆ ಕೊಟ್ರಿ?"

"ನಾನೂ ಸದ್ಯಕ್ಕೇ ಕಣೇ ಕೊಟ್ಟಿರೋದು. ಮತ್ತೆ ಬೆಳೆಯುತ್ತೆ."

ಸಂಜೆ ಎದುರು ಮನೆಯಾಕೆ ಬಂದರು. ಈ ಒಂದು ವರ್ಷದಲ್ಲಿ ಅವರು ಏನೇನೋ ಲೆಕ್ಕ ಹಾಕಿಕೊಂಡಿದ್ದರು ಅಂತ ಕಾಣುತ್ತದೆ. ಅತ್ತೆಯ ತಲೆ ನೋಡಿದವರೇ ಅವರ ಕೈ ಹಿಡಿದು ಪಿಸುಗುಟ್ಟಿದರು.

"ನನ್ ಹತ್ರ ಮುಚ್ಚಿಡ್ಬೇಡಿ. ಯಾವ್ ಆಸ್ಪತ್ರೆ? ಎಷ್ಟನೇ ಸ್ಟೇಜು?"

"ನನಗಲ್ಲಮ್ಮ. ಕ್ಯಾನ್ಸರ್ ಬಂದಿದ್ದು ನನ್ ಸೊಸೆಗೆ. ಈಗ ಚೆನ್ನಾಗಿದಾಳೆ" ಅಂದರು ಅತ್ತೆ, ಇಡೀ ಬೀದಿಗೆ ಕೇಳುವ ಹಾಗೆ. ಆಮೇಲೆ ಒಳಗೆ ಹೋಗಿ ಎರಡು ಲಡ್ಡು ತಂದು ಆಕೆಯ ಅಂಗೈಯಲ್ಲಿಟ್ಟರು.

"ತಗೋ, ಇದು ನನ್ ತಲೇದು. ಇದು ಹೋದ ವರ್ಷ ಕೇಳಿದ್ಯಲ್ಲ, ಅವಳ ತಲೇದು."