ಗುತ್ತಿಗೆದಾರರ ಮತ್ತು ಸಂಘ

ನಮ್ಮ ಗುತ್ತಿಗೆದಾರರ ಸಂಘದಲ್ಲಿ ಜಗಳವಾಗದ ಸಭೆಗಳೂ ಇದ್ದವು. ಅವು ಕೋರಂ ಇಲ್ಲದೆ ನಿಂತುಹೋದ ಸಭೆಗಳು. ಹತ್ತು ವರ್ಷ ಅಲ್ಲಿ ಕೂತು ನಡಾವಳಿ ಬರೆದವನು ನಾನು. ಬರೆದದ್ದಕ್ಕಿಂತ ಬರೆಯಬೇಡ ಎಂದು ಹೇಳಿಸಿಕೊಂಡದ್ದೇ ಹೆಚ್ಚು. ಹಾಗೆ ಬರೆಯದೆ ಬಿಟ್ಟವುಗಳಲ್ಲಿ ಕೆಲವು ಇಲ್ಲಿವೆ.

ಸಂಘದ ಕೊಠಡಿ ಬಂಗಾರಪೇಟೆ ಸ್ಟೇಷನ್ನಿನ ಎದುರು, ಒಂದು ಪಾತ್ರೆ ಅಂಗಡಿಯ ಮಹಡಿಯಲ್ಲಿತ್ತು. ಬೆಳಿಗ್ಗೆ ನಾನು ತಾಲ್ಲೂಕು ಕಚೇರಿಯ ಹುಣಸೆಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಊರವರ ಅರ್ಜಿ ಬರೆಯುತ್ತಿದ್ದೆ. ಮಧ್ಯಾಹ್ನ ಅದೇ ಯಂತ್ರ ಹೊತ್ತು ಸಂಘಕ್ಕೆ ಬರುತ್ತಿದ್ದೆ. ಎಲ್ಲರೂ ನನ್ನನ್ನು 'ರೈಟ್ರು' ಎನ್ನುತ್ತಿದ್ದರು.

ಎಂಬತ್ತರ ದಶಕದ ನಡುವೆ ಚಿನ್ನದ ಗಣಿಯ ಕೆಲಸ ತೆಳ್ಳಗಾಗುತ್ತ ಬಂತು. ನಂದಿದುರ್ಗ ಗಣಿಯ ಕಾರ್ಮಿಕರ ಲೈನ್ ಮನೆಗಳಿಗೆ ಸುಣ್ಣ ಹೊಡೆಸುವುದು, ಚರಂಡಿ ಕಟ್ಟಿಸುವುದು, ಹೆಂಚು ಹೊದಿಸುವುದು ಎಲ್ಲ ಕಡಿಮೆಯಾಯಿತು. ಅದರ ಜೊತೆಗೆ ಗುತ್ತಿಗೆದಾರರೂ ಕಡಿಮೆಯಾದರು. ಆಗ ಉಪಾಧ್ಯಕ್ಷರು ಒಂದು ಮಾತು ಎತ್ತಿದರು: "ಬರೀ ಕಂಟ್ರಾಕ್ಟ್ರು ಅಂತ ಕೂತ್ರೆ ಸಂಘ ಮುಚ್ಬೇಕಾಗ್ತದೆ. ಸ್ವಂತ ದುಡಿಮೆ ಮಾಡೋರನ್ನೆಲ್ಲ ಸೇರಿಸ್ಕೊಳ್ಳೋಣ."

ಅಧ್ಯಕ್ಷರು ಟೇಬಲ್ಲು ಕುಟ್ಟಿದರು. "ಕಂಟ್ರಾಕ್ಟರ್ ಅಂದ್ರೆ ನಾಲ್ಕು ಜನಕ್ಕೆ ಕೂಲಿ ಕೊಟ್ಟು ಕೆಲಸ ಮಾಡ್ಸೋನು. ಇಡ್ಲಿ ಬೇಯ್ಸೋರೂ ನಾನೂ ಒಂದೇನಾ?"

ಅಧ್ಯಕ್ಷರು ಗಟ್ಟಿ ಮನುಷ್ಯ. ಒಂದೇ ಒಂದು ವಿಚಿತ್ರ ಅಭ್ಯಾಸವಿತ್ತು. ಯಾವ ಟೆಂಡರ್ ಕಾಗದ ಬಂದರೂ ಕೂತಲ್ಲಿ ರುಜು ಮಾಡುತ್ತಿರಲಿಲ್ಲ. "ಮನೆಗೆ ತಗೊಂಡು ಹೋಗಿ, ರುಜು ಹಾಕಿಸ್ಕೊಂಡು ಬರ್ತೀನಿ" ಎಂದು ಜೇಬಿಗೆ ಸೇರಿಸುತ್ತಿದ್ದರು. ನಾವ್ಯಾರೂ ಅದರ ಬಗ್ಗೆ ತಲೆ ಕೆಡಿಸಿಕೊಂಡಿರಲಿಲ್ಲ.

೧. ತಲೆ ಎಣಿಕೆ

ನಿಯಮದ ಪ್ರಕಾರ ಸಭೆಗೆ ಹನ್ನೊಂದು ಜನ ಬೇಕು. ಆ ವರ್ಷ ಹತ್ತಕ್ಕೆ ಬಂದು ನಿಂತಿದ್ದೆವು. ಹನ್ನೊಂದನೆಯವರು ಮಗಳ ಮನೆಗೆಂದು ಮುಳಬಾಗಿಲಿಗೆ ಹೋದವರು ಅಲ್ಲಿಯೇ ಉಳಿದುಬಿಟ್ಟಿದ್ದರು.

ಸ್ವಂತ ದುಡಿಮೆಯವರನ್ನು ಸೇರಿಸಬೇಕೋ ಬೇಡವೋ ಎಂಬ ಚರ್ಚೆಗೆಂದೇ ಕರೆದ ಮೊದಲ ಸಭೆ. ಹತ್ತೇ ತಲೆ; ಸದಸ್ಯನಲ್ಲದ ನಾನು ಲೆಕ್ಕಕ್ಕಿಲ್ಲ. ಕಾದು ಕಾದು ಅಧ್ಯಕ್ಷರೇ ಕಿಟಕಿಯಿಂದ ಬಗ್ಗಿ ಪಕ್ಕದ ಕ್ಷೌರದ ಅಂಗಡಿಯವನನ್ನು ಕೂಗಿದರು. ಅವನು ಗಿರಾಕಿಯ ಒಂದು ಕೆನ್ನೆ ಬೋಳಿಸಿ, ಇನ್ನೊಂದಕ್ಕೆ ಸೋಪು ಹಚ್ಚಿ ಬಿಟ್ಟು ಮೇಲೆ ಬಂದ. ಕುರ್ಚಿಯಲ್ಲಿ ಕೂತ. ನಾನು ಹನ್ನೊಂದು ಎಂದು ಬರೆದೆ. ಸಭೆ ಶುರುವಾಯಿತು.

ಅಧ್ಯಕ್ಷರು ಅರ್ಧ ಗಂಟೆ ಮಾತಾಡಿದರು. ಕ್ಷೌರಿಕರು, ದರ್ಜಿಗಳು, ಬಂಡಿಯವರು ಇವರೆಲ್ಲ ಬಂದರೆ ಸಂಘದ ಮರ್ಯಾದೆ ಏನಾಗುತ್ತದೆ ಎಂಬುದೇ ಭಾಷಣದ ಸಾರ. ಕ್ಷೌರಿಕ ಮಂಡಿಯ ಮೇಲೆ ಕತ್ತಿ ಇಟ್ಟುಕೊಂಡು ತಾಳ್ಮೆಯಿಂದ ಕೇಳಿದ. ಮುಗಿದ ಮೇಲೆ ಎದ್ದು ನಿಂತ.

"ಸಾಮೀ, ಇಷ್ಟು ವರ್ಸ ನಾನು ನಿಮ್ ತಲೆ ನೋಡ್ಕಂಡೆ. ಇವತ್ತು ನೀವು ನನ್ ತಲೆ ಎಣಿಸ್ಕಂಡ್ರಿ. ಲೆಕ್ಕ ಸರಿ ಓಯ್ತು. ಕೆಳಗೆ ಅರ್ಧ ಗಡ್ಡ ಕಾಯ್ತಾ ಐತೆ, ಬತ್ತೀನಿ."

ಅವನು ಇಳಿದು ಹೋದ. ಮತ್ತೆ ಹತ್ತೇ ಜನ, ಕೋರಂ ತಪ್ಪಿತು. ಸಭೆಯನ್ನು ಮುಂದಕ್ಕೆ ಹಾಕಿದೆವು.

೨. ಸ್ವಂತ ಕೆಲಸ

ನಮಗೆಲ್ಲ ಇದು ಭಾನುವಾರದ ಚರ್ಚೆ. ಒಬ್ಬರಿಗೆ ಮಾತ್ರ ಬದುಕಿನ ಪ್ರಶ್ನೆಯಾಗಿತ್ತು. ನಮ್ಮ ಮೆಟ್ಟಿಲ ಬುಡದಲ್ಲಿ ಇಡ್ಲಿ ಬಂಡಿ ಇಟ್ಟಿದ್ದ ಅಕ್ಕ ಅವರು, ಕ್ಯಾಸಂಬಳ್ಳಿ ಕಡೆಯವರು. ಸ್ಟೇಷನ್ ರಸ್ತೆ ಅಗಲವಾಗುತ್ತದೆ, ಬಂಡಿಗಳೆಲ್ಲ ಏಳಬೇಕು ಎಂದು ಪುರಸಭೆಯವರು ಹೇಳಿ ಹೋಗಿದ್ದರು. ಯಾವುದಾದರೂ ನೋಂದಾಯಿತ ಸಂಘದ ಸದಸ್ಯರೆಂದು ಪತ್ರ ತಂದವರಿಗೆ ಬಸ್ ನಿಲ್ದಾಣದ ಪಕ್ಕ ಜಾಗ. ತರದವರಿಗೆ ಇಲ್ಲ. ಊರಿನಲ್ಲಿ ಹೇಳಿಕೊಳ್ಳುವಂಥ ಸಂಘ ಅಂದರೆ ನಮ್ಮದೊಂದೇ.

ಅಕ್ಕ ದಿನವೂ ಎಲೆಯಲ್ಲಿ ಎರಡು ಇಡ್ಲಿ ಇಟ್ಟುಕೊಂಡು ಮಹಡಿ ಹತ್ತುತ್ತಿದ್ದರು. "ಆಯ್ತಾ ರೈಟ್ರೇ?"

"ಇನ್ನೂ ಇಲ್ಲಕ್ಕ."

"ಆಗ್ಲಿ ಬುಡಿ. ತಿನ್ನಿ, ಆರೋಗ್ತದೆ."

ಬೇಡ ಅನ್ನಲೂ ಆಗುತ್ತಿರಲಿಲ್ಲ, ತಿನ್ನಲೂ ನಾಚಿಕೆಯಾಗುತ್ತಿತ್ತು. ಆದರೂ ತಿನ್ನುತ್ತಿದ್ದೆ. ಚಟ್ನಿ ಅಷ್ಟು ಚೆನ್ನಾಗಿರುತ್ತಿತ್ತು.

ಎಷ್ಟು ಜನ ಸೇರಲು ಬರುತ್ತಾರೋ ನೋಡೋಣ ಎಂದು ಉಪಾಧ್ಯಕ್ಷರು ನೋಟೀಸು ಹಚ್ಚಿಸಿದರು. ಬರೆದವನು ನಾನೇ. 'ಸ್ವಂತ ಕೆಲಸ ಇರುವವರು ಸಂಘದ ಕಚೇರಿಗೆ ಬಂದು ಅಧ್ಯಕ್ಷರನ್ನು ಕಾಣತಕ್ಕದ್ದು.' ವ್ಯಾಕರಣ ಸರಿಯಾಗಿತ್ತು.

ಮಾರನೆಯ ದಿನ ಮೆಟ್ಟಿಲ ತುಂಬ ಜನ. ಅಧ್ಯಕ್ಷರ ಮುಖ ಕಪ್ಪಿಟ್ಟಿತು. ಮೊದಲನೆಯವನನ್ನು ಕೇಳಿದರು, "ಏನಪ್ಪಾ ನಿನ್ನ ಸ್ವಂತ ಕೆಲಸ?"

"ಜಮೀನು ಖಾತೆ ಆಗ್ಬೇಕು ಸಾಮಿ. ಎರಡು ವರ್ಸದಿಂದ ಅಲೀತಾ ಇದೀನಿ."

ಎರಡನೆಯವನ ಎಮ್ಮೆ ತಪ್ಪಿಸಿಕೊಂಡಿತ್ತು. ಮೂರನೆಯವರು ವಯಸ್ಸಾದವರು, ಪಂಚೆ ಸರಿಮಾಡಿಕೊಂಡು ಕೂತರು. "ಮಗಳಿಗೆ ಗಂಡು ನೋಡ್ಬೇಕು. ಅದೇ ನಮ್ ಸ್ವಂತ ಕೆಲ್ಸ."

"ಇಲ್ಲಿ ಅಂಥಾದ್ದೆಲ್ಲ ಮಾಡಲ್ಲ ಕಣಯ್ಯಾ."

"ಮತ್ತೆ ಬರೆದು ಯಾಕೆ ಆಕಿದ್ರಿ? ಬಸ್ ಚಾರ್ಜು ಆಕ್ಕೊಂಡು ಬಂದಿದೀನಲ್ಲ."

ಅವರು ಏಳುವ ಹಾಗೆ ಕಾಣಲಿಲ್ಲ. ಅಧ್ಯಕ್ಷರು ಸಾಕಾಗಿ, ತಮ್ಮ ಹತ್ತಿರವಿದ್ದ ಗಾರೆ ಮೇಸ್ತ್ರಿಯ ವಿಳಾಸ ಕೊಟ್ಟು ಕಳಿಸಿದರು. ಆ ಮದುವೆ ಆಯಿತು. ನಾವೆಲ್ಲ ಹೋಗಿ ಉಂಡು ಬಂದೆವು. ಆ ವರ್ಷ ಸಂಘದಿಂದ ಪೂರ್ತಿಯಾದ ಕೆಲಸ ಅದೊಂದೇ.

೩. ಬೋರ್ಡು

ಅಧ್ಯಕ್ಷರು ತಿರುಪತಿಗೆ ಹೋದ ವಾರ ಉಪಾಧ್ಯಕ್ಷರಿಗೆ ಧೈರ್ಯ ಬಂತು. ಬೋರ್ಡಿನಲ್ಲಿ ಹೆಸರು ಬದಲಾದರೆ ಅಧ್ಯಕ್ಷರ ಮನಸ್ಸೂ ಬದಲಾಗುತ್ತದೆ ಎಂದು ಅವರ ಲೆಕ್ಕ. ಮೈಸೂರು ಮೈನ್ಸ್ ಎಂಬ ಗಣಿಯ ಕಡೆಯಿಂದ, ತಮಿಳು ಬೆರೆಸಿ ಮಾತಾಡುವ ಒಬ್ಬ ಬೋರ್ಡು ಬರೆಯುವವನನ್ನು ಕರೆಸಿದರು. ಮೂರು ಸಾಲು ಬರೆಯಬೇಕು: ಮೇಲೆ 'ಗುತ್ತಿಗೆದಾರರ', ನಡುವೆ 'ಮತ್ತು ಸ್ವಂತ ಉದ್ಯೋಗಿಗಳ', ಕೆಳಗೆ 'ಸಂಘ'.

ಅವನು ಹಳೆಯದನ್ನೆಲ್ಲ ಬಿಳಿ ಬಣ್ಣದಲ್ಲಿ ಮುಚ್ಚಿದ. ಅಳತೆ ಸಿಗಲಿ ಎಂದು ಮೊದಲು ಮೇಲಿನ ಸಾಲು, ಆಮೇಲೆ ಕೆಳಗಿನ ಸಾಲು ಬರೆದ. ನಡುವಿನ ಸಾಲಿಗೆ 'ಮತ್ತು' ಎಂದು ಬರೆದು ಕುಂಚ ನಿಲ್ಲಿಸಿದ.

"ಸಾರ್, ಸ್ವಂತ ಉದ್ಯೋಗಿ ಅಂದ್ರೆ ನಾನುದಾನೇ?"

"ಹೂಂ, ನೀನೂ ಬರ್ತೀಯ."

"ಅಪ್ಪಡಿನಾ ನನ್ನೂ ಮೆಂಬರ್ ಮಾಡಿ. ಆಮೇಲೆ ಬರೀತೀನಿ."

ಉಪಾಧ್ಯಕ್ಷರು ಒಪ್ಪುವವರಿದ್ದರು. ನಾನು ನಿಯಮ ತೆಗೆದು ತೋರಿಸಿದೆ. ಸಂಘದ ಗುತ್ತಿಗೆ ಕೆಲಸವನ್ನು ಸಂಘದ ಸದಸ್ಯರಿಗೆ ಕೊಡುವಂತಿಲ್ಲ. ಸದಸ್ಯನಾದರೆ ಅವನು ಬರೆಯುವಂತಿಲ್ಲ. ಆಗದಿದ್ದರೆ ಅವನು ಬರೆಯುವುದಿಲ್ಲ. ಅವನು ಸ್ವಲ್ಪ ಹೊತ್ತು ಏಣಿಯ ಮೇಲೆಯೇ ಯೋಚಿಸಿದ. ಆಮೇಲೆ ಏಣಿ ಹೆಗಲಿಗೆ ಹಾಕಿಕೊಂಡು ಹೋದವನು ಬರಲಿಲ್ಲ.

ಹೀಗೆ ಸ್ಟೇಷನ್ನಿನಿಂದ ಹೊರಗೆ ಬಂದವರಿಗೆಲ್ಲ ದಪ್ಪ ಅಕ್ಷರದಲ್ಲಿ ಕಾಣುತ್ತಿದ್ದದ್ದು, 'ಗುತ್ತಿಗೆದಾರರ ಮತ್ತು ಸಂಘ'.

ತಿರುಪತಿಯಿಂದ ಮರಳಿದ ಅಧ್ಯಕ್ಷರು ಬೋಳುತಲೆಯ ಮೇಲೆ ಟೋಪಿ ಹಾಕಿಕೊಂಡು, ಲಾಡು ಹಂಚುವುದನ್ನೂ ಮರೆತು ಕೂಗಾಡುತ್ತಿದ್ದರು. ಅಷ್ಟರಲ್ಲಿ ಒಬ್ಬ ಗೋಡೆ ಹಿಡಿದುಕೊಂಡು ನಿಧಾನಕ್ಕೆ ಮೆಟ್ಟಿಲು ಹತ್ತಿ ಬಂದ. ಕಣ್ಣು ಕೆಂಪಗಿತ್ತು. ಬಾಗಿಲಲ್ಲಿ ನಿಂತು ಎಲ್ಲರಿಗೂ ಕೈ ಮುಗಿದ.

"ಮತ್ತಿನೋರ್ಗೂ ಒಂದು ಸಂಘ ಐತೆ ಅಂತ ಈಗ್ಲೇ ಗೊತ್ತಾಗಿದ್ದು ಸಾಮಿ. ಇಪ್ಪತ್ತು ವರ್ಸದ ಸರ್ವೀಸು ನಂದು. ಅಧ್ಯಕ್ಷರು ಯಾರು?"

ನಾವೆಲ್ಲ ಅಧ್ಯಕ್ಷರ ಕಡೆ ಕೈ ತೋರಿಸಿದೆವು.

೪. ಯಜಮಾನರು

ಬಂಡಿಗಳು ಏಳಬೇಕಾದ ದಿನ ಸೋಮವಾರ. ಅದರ ಹಿಂದಿನ ಭಾನುವಾರ ಬೆಳಿಗ್ಗೆ ಕೊನೆಯ ಸಭೆ. ಹತ್ತು ಜನ ಸದಸ್ಯರು, ಹನ್ನೊಂದಕ್ಕೆ ಕ್ಷೌರಿಕ. ಈ ಸಲ ಅವನು ಅಂಗಡಿಗೆ ಬೀಗ ಹಾಕಿಯೇ ಬಂದಿದ್ದ. ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲ ಹೊರಗೆ ನಿಂತಿದ್ದರು.

ಹೊಸಬರಿಗಾಗಿ ನಾನೊಂದು ಅರ್ಜಿ ನಮೂನೆ ಮಾಡಿದ್ದೆ. ಅದನ್ನು ಅಧ್ಯಕ್ಷರು ಕೈಗೆತ್ತಿಕೊಂಡರು. "ಎಲ್ಲರೂ ಸ್ವಂತ ದುಡಿಮೆ ಸ್ವಂತ ದುಡಿಮೆ ಅಂತೀರಲ್ಲ, ಇವರನ್ನೇ ಕೇಳಿ ನೋಡೋಣ. ಬಾಮ್ಮ ಒಳಗೆ. ನಾಲ್ಕನೇ ಪ್ರಶ್ನೆ. ನಿನಗೆ ಯಜಮಾನರು ಇದ್ದಾರಾ?"

ಅಕ್ಕ ತಲೆ ತಗ್ಗಿಸಿದರು. "ಅವ್ರೆ ಸಾಮಿ. ಕೆಳಗೆ ಬಂಡಿತಾವ ಕೂತವ್ರೆ."

"ಬರ್ಕೊಳ್ರಿ ರೈಟ್ರೇ. ಯಜಮಾನರು ಇರೋರು ಸ್ವಂತ ದುಡಿಮೆಯವರಲ್ಲ. ಅನರ್ಹ."

ನಾನು ಪೆನ್ನು ಕೆಳಗಿಟ್ಟೆ. ಆ ಪ್ರಶ್ನೆ ಹಾಗೆ ಬರೆದವನು ನಾನೇ ಎಂದು ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ಅಕ್ಕ ಎಲ್ಲರ ಮುಖ ನೋಡಿದರು. "ಯಾವ ಯಜಮಾನ್ರು ಸಾಮಿ ನೀವು ಕೇಳಿದ್ದು? ತಾಳಿ ಕಟ್ಟಿದೋರಲ್ವಾ?"

"ಅಲ್ಲಮ್ಮ. ಕೆಲಸ ಹೇಳೋರು, ಕೂಲಿ ಕೊಡೋರು."

"ಓ, ಅದಾ. ಅಂಗಾದ್ರೆ ಅವ್ರಿಗೆ ನಾನೇ ಯಜಮಾನಿ. ಸೈಕಲ್ಲಿಂದ ಬಿದ್ದು ಕಾಲು ಮುರ್ಕಂಡು, ಗಣಿ ಕೆಲ್ಸ ಬುಟ್ಟು ಮನೇಲಿ ಕೂತಿದ್ರು. ಕೈಗೆ ಸುಮ್ನೆ ಕಾಸು ಕೊಟ್ರೆ ಈಸ್ಕಣಲ್ಲ, ಮಾನ ಓಯ್ತದೆ ಅಂತಾರೆ. ಅದಕ್ಕೆ ಇಡ್ಲಿ ಇಟ್ಟು ರುಬ್ಬೋ ಕೂಲಿ ಅಂತ ದಿನಾ ಕೊಡ್ತೀನಿ. ಈಗ ಈಸ್ಕಂತಾರೆ."

ನಾನು ಕೇಳಿದೆ, "ಬಂಡಿ ಯಾರ ಹೆಸರಲ್ಲಿದೆ ಅಕ್ಕ?"

"ನನ್ನ ಎಸ್ರಲ್ಲೇ."

ಹಳೆಯ ನಿಯಮಾವಳಿಯ ಮೂರನೆಯ ಪುಟ ತೆಗೆದು ಗಟ್ಟಿಯಾಗಿ ಓದಿದೆ: 'ತನ್ನ ಹೆಸರಿನಲ್ಲಿ ಕೆಲಸ ಹಿಡಿದು, ಇತರರಿಗೆ ಕೂಲಿ ಕೊಟ್ಟು ಮಾಡಿಸುವವರು ಗುತ್ತಿಗೆದಾರರು.' ಒಂದು ವರ್ಷ ಕಿತ್ತಾಡಿದ್ದೇ ಬಂತು. ಯಾವ ತಿದ್ದುಪಡಿಯೂ ಬೇಕಿರಲಿಲ್ಲ, ಅಕ್ಕ ಮೊದಲಿನಿಂದಲೂ ಕಂಟ್ರಾಕ್ಟರೇ. ಉಪಾಧ್ಯಕ್ಷರು ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ಮೊದಲಿನಿಂದ ಹೇಳುತ್ತಿದ್ದದ್ದೂ ಅದೇ ನಿಯಮ. ನಾನು ಅಕ್ಕನ ಹೆಸರು ಸೇರಿಸಿ, ಅಲ್ಲೇ ಪತ್ರ ಟೈಪು ಮಾಡಿ ಅಧ್ಯಕ್ಷರ ಮುಂದಿಟ್ಟೆ.

ಅಧ್ಯಕ್ಷರು ಕನ್ನಡಕ ಹಾಕಿಕೊಂಡು ಓದಿ, ಪತ್ರವನ್ನು ನಾಲ್ಕಾಗಿ ಮಡಿಸಿ, ಅಭ್ಯಾಸಬಲದಿಂದ ಅಂದರು: "ಮನೆಗೆ ತಗೊಂಡು ಹೋಗಿ, ರುಜು ಹಾಕಿಸ್ಕೊಂಡು ಬರ್ತೀನಿ."

"ಯಾರ ಕೈಲಿ ಸಾಮಿ?" ಎಂದರು ಅಕ್ಕ. ಪಾಪ, ಸುಮ್ಮನೆ ಕೇಳಿದ್ದು.

ಅಧ್ಯಕ್ಷರು ಕೆಮ್ಮಿದರು. ಆಗ ಕ್ಷೌರಿಕ ಬಾಯಿ ಬಿಟ್ಟ. ಅವನ ಅಂಗಡಿಗೆ ಬರದ ಸುದ್ದಿ ಇರಲಿಲ್ಲ. "ಅಧ್ಯಕ್ಷರ ಲೈಸೆನ್ಸು ಅಮ್ಮಾವ್ರ ಎಸ್ರಲ್ಲೈತೆ. ಅಂಗಿದ್ರೇನೇ ಒಳ್ಳೇದು ಅಂತ ಮದುವೆಯಾದ ಹೊಸದ್ರಲ್ಲಿ ಜೋಯಿಸ್ರು ಏಳಿದ್ರಂತೆ. ಕೂಲಿ ಬಟವಾಡೆನೂ ಅಮ್ಮಾವ್ರದೇ. ಇವ್ರಿಗೂ ಬೀಡಾಗೆ, ಬಸ್ಸಿಗೆ ಅಂತ ದಿನಾ ಬೆಳಿಗ್ಗೆ ಅವ್ರೇ ಕೊಡ್ತಾರೆ."

ನನ್ನ ಮುಂದೆ ನಿಯಮಾವಳಿ ತೆರೆದೇ ಇತ್ತು. ತನ್ನ ಹೆಸರಿನಲ್ಲಿ ಕೆಲಸ ಹಿಡಿದವರಲ್ಲ. ಕೂಲಿ ಕೊಡುವವರೂ ಅಲ್ಲ. ಎಲ್ಲರೂ ಒಮ್ಮೆ ಪುಸ್ತಕ ನೋಡಿದರು, ಒಮ್ಮೆ ಅಧ್ಯಕ್ಷರನ್ನು ನೋಡಿದರು.

ಅಕ್ಕನಿಗೆ ಮಾತ್ರ ಗಾಬರಿಯಾಯಿತು. "ಮೆಂಬ್ರಲ್ಲದೋರು ರುಜು ಆಕಿದ್ರೆ ನನ್ ಕಾಗ್ದ ನಡೀತದಾ ರೈಟ್ರೇ? ನಾಳೆ ಕೊಡ್ಬೇಕು."

"ನಡೆಯೋದಿಲ್ಲಕ್ಕ" ಎಂದೆ. ಸುಳ್ಳು ಹೇಳಲು ಇಷ್ಟವಿರಲಿಲ್ಲ, ಅವತ್ತಂತೂ ಇರಲಿಲ್ಲ.

ಅಧ್ಯಕ್ಷರು ಟೋಪಿ ತೆಗೆದರು, ಮತ್ತೆ ಹಾಕಿಕೊಂಡರು. ಆಮೇಲೆ ಎದ್ದು ನಿಂತು, ಸ್ವಂತ ದುಡಿಮೆ ಮಾಡುವವರೆಲ್ಲರನ್ನೂ ಸಂಘಕ್ಕೆ ಸೇರಿಸಿಕೊಳ್ಳಬೇಕೆಂದು ತಾವೇ ಸೂಚಿಸಿದರು. ನಾಲ್ಕನೇ ಪ್ರಶ್ನೆಯನ್ನು ಪೂರ್ತಿ ಹೊಡೆದುಹಾಕಬೇಕೆಂದೂ ಸೇರಿಸಿದರು. ಹೊಸ ಸದಸ್ಯರಾದ ಇಡ್ಲಿ ಅಕ್ಕ ಅನುಮೋದಿಸಿದರು. ಒಂದು ವರ್ಷದಲ್ಲಿ ಆಗದ್ದು ಒಂದು ನಿಮಿಷದಲ್ಲಿ ಸರ್ವಾನುಮತದಿಂದ ಆಯಿತು. ಹೊಸ ನಿಯಮದಡಿ ಮೊದಲು ಸೇರಿದವರು ಅಧ್ಯಕ್ಷರು, ಎರಡನೆಯವನು ಕ್ಷೌರಿಕ, ಮೂರನೆಯವನು ನಾನು. ಅಧ್ಯಕ್ಷರು ನನ್ನ ಪೆನ್ನು ಈಸಿಕೊಂಡು ಅಕ್ಕನ ಪತ್ರಕ್ಕೆ ಅಲ್ಲೇ ರುಜು ಹಾಕಿದರು. ಅವರ ರುಜು ಹೇಗಿರುತ್ತದೆ ಎಂದು ನಾನು ನೋಡಿದ್ದು ಅದೇ ಮೊದಲು.

ಅವರು ಕೊಡೆ ತೆಗೆದುಕೊಂಡು ಹೊರಟಾಗ ನಾನು ಕೂಗಿದೆ. "ಸಾರ್, ತಿದ್ದುಪಡಿಗೆ ಕಾರಣ ಅಂತ ಒಂದು ಕಾಲಂ ಇದೆ. ಏನು ಬರೆಯಲಿ?"

ಅವರು ತಿರುಗಿಯೂ ನೋಡದೆ ಮೆಟ್ಟಿಲಿಳಿಯುತ್ತ ಹೇಳಿದರು.

"ಸ್ವಂತ ಕೆಲಸ ಅಂತ ಬರ್ಕೊಳ್ರೀ."