ಕರ್ಣನ ಕಡೆ, ಅರ್ಜುನನ ಕಡೆ

ನಮ್ಮ ಹುಣಸೂರು ಸೀಮೆಯಲ್ಲಿ ಹೊಲದ ಬದುವಿಗೆ ಜಗಳವಾದರೆ ಅಮಲ್ದಾರರು ಬಂದು ತೀರಿಸುತ್ತಿದ್ದರು. ಕರ್ಣ ದೊಡ್ಡವನೋ ಅರ್ಜುನ ದೊಡ್ಡವನೋ ಎಂಬ ಜಗಳಕ್ಕೆ ಮಹಾರಾಜರೇ ಬಂದರೂ ತೀರ್ಮಾನವಿರಲಿಲ್ಲ. ಅಂಥದ್ದು ನನ್ನ ಕಣ್ಣೆದುರಿಗೇ ಮೇಲಿಂದ ಮೇಲೆ ಆಗುತ್ತಿತ್ತು. ಎಲ್ಲಕ್ಕೂ ನಾನೇ ಕಾರಣ ಎನ್ನುತ್ತಾರೆ ಜನ. ಸುಳ್ಳು. ಒಂದೆರಡು ತಾವಾಗಿಯೇ ಆಗಿದ್ದವು.

೧. ಒಂದು ತೋಳಿನ ಕೋಟು

ಸರಗೂರಿನ ಗೌಡರು ಮಗನ ಮದುವೆ ಮಾತುಕತೆಗೆಂದು ಹುಣಸೂರಿನ ದರ್ಜಿ ಸಾಹೇಬರ ಹತ್ತಿರ ಕೋಟು ಹೊಲಿಸುತ್ತಿದ್ದರು. ಗೌಡರಿಗೆ ಕರ್ಣನೆಂದರೆ ಪ್ರಾಣ. ನಾನು ಸುಮ್ಮನಿರಲಾರದೆ, "ಸಾಹೇಬ್ರೇ, ನೀವು ಯಾರ ಕಡೆ?" ಅಂದೆ.

ಸಾಹೇಬರು ಮಿಷನ್ನು ತುಳಿಯುತ್ತಲೇ ಅಂದರು, "ಹುಟ್ಟೋವಾಗ್ಲೇ ಮೈಮೇಲೆ ಕವಚ ತೊಟ್ಕೊಂಡು ಬಂದೋನಿಂದ ದರ್ಜಿಗೇನ್ ಲಾಭ? ನಾನು ಅರ್ಜುನನ ಕಡೆ ಕಣ್ರೀ."

ಗೌಡರು ಎದ್ದರು. ಒಂದೇ ತೋಳು ಹೊಲಿದಿದ್ದ ಕೋಟನ್ನು ಹಾಗೇ ತೊಟ್ಟು ಬಸ್ಸಿನ ಕಡೆ ನಡೆದರು.

"ಗೌಡ್ರೇ, ಇನ್ನೊಂದು ತೋಳು?" ಎಂದು ನಾನು ಕೂಗಿದೆ.

"ದಾನ ಕೊಟ್ಟೆ ಬುಡು. ಕರ್ಣನ ಕಡೆಯೋರು ಕೊಟ್ಟಿದ್ದನ್ನ ವಾಪಸ್ ಇಸ್ಕೊಳಾಕಿಲ್ಲ."

೨. ಎರಡು ಕಿವಿಗೆ ಎರಡು ಮಾತು

ಆ ಮಗನಿಗೆ ನೋಡಿದ್ದ ಹೆಣ್ಣು ನನ್ನ ಅಕ್ಕನ ಮಗಳು. ಭಾವನದು ಪಿರಿಯಾಪಟ್ಟಣದ ಕಡೆಯ ಹಳ್ಳಿ. ಅರ್ಜುನನಿಗಾಗಿ ತಲೆ ಕೊಡುವ ಆಸಾಮಿ. ಈ ಹಟದಲ್ಲಿ ಆಗಲೇ ಬಂದ ಗಂಡುಗಳೆಲ್ಲ ವಾಪಸ್ಸು ಹೋಗಿದ್ದವು. ಅಕ್ಕ ನನ್ನನ್ನು ಹಿತ್ತಿಲಿಗೆ ಕರೆದಳು.

"ನೋಡ್ಲಾ ತಮ್ಮ, ಹುಡುಗೀಗೂ ಈ ಗಂಡು ಒಪ್ಪಿಗೆ ಆಗೈತೆ. ಇದೂ ಮುರುದ್ರೆ ಅವಳು ಮನೇಲೇ ಕುಂತ್ಕತಾಳೆ. ಏನಾರ ಮಾಡು."

ಮಾಡಿದೆ. ಭಾವನಿಗೆ, "ಗೌಡ್ರು ಕರ್ಣನ ಕಡೆ. ವೀಳ್ಯ ಆಗೋಗಂಟ ಕರ್ಣನ್ನೇ ಹೊಗಳು ಭಾವ" ಅಂದೆ. ಗೌಡರಿಗೆ, "ನಮ್ ಭಾವ ಅರ್ಜುನನ ಕಡೆ. ವೀಳ್ಯ ಆಗೋಗಂಟ ಅರ್ಜುನನ್ನೇ ಹೊಗಳಿ" ಅಂದೆ. ಇಬ್ಬರೂ ಕಷಾಯ ಕುಡಿದ ಮುಖ ಮಾಡಿ ಒಪ್ಪಿದರು. ಒಬ್ಬರಿಗೆ ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳಲಿಲ್ಲ. ಅಷ್ಟೂ ಹೇಳಿಬಿಟ್ಟರೆ ನೋಡುವುದಕ್ಕೆ ಏನು ಉಳಿಯುತ್ತದೆ?

೩. ವೀಳ್ಯದ ದಿನ

ನಮ್ಮಲ್ಲಿ ಹೆಣ್ಣಿನ ಅಪ್ಪ ಕೊಟ್ಟ ವೀಳ್ಯ ಗಂಡಿನ ಅಪ್ಪನ ಬಾಯಿಗೆ ಬಿದ್ದರೆ ಸಂಬಂಧ ಗಟ್ಟಿ. ಹೆಂಗಸರು ಸೋಬಾನೆ ಹೇಳಿ ಮುಗಿಸುವವರೆಗೆ ಅದನ್ನು ಉಗುಳುವ ಹಾಗಿಲ್ಲ. ಭಾವನ ಮನೆಯ ಚಾಪೆಯ ಮೇಲೆ ವೀಳ್ಯದ ತಟ್ಟೆ ಇತ್ತು. ಆ ಕಡೆ ಗೌಡರು, ಈ ಕಡೆ ಭಾವ.

"ಏನೇ ಅನ್ನಿ, ಕರ್ಣ ಕರ್ಣನೇ," ಅಂದ ಭಾವ.

"ಅರ್ಜುನನ ಮುಂದೆ ಅವನ್ಯಾವ ಲೆಕ್ಕ," ಅಂದರು ಗೌಡರು.

"ಇಲ್ಲ ಗೌಡ್ರೇ, ಕರ್ಣನೇ."

"ಅರ್ಜುನ ಅಂತೀನಲ್ಲ."

"ನಮ್ಮನೇಗ್ ಬಂದು ಕರ್ಣನ್ನ ಬಯ್ತೀರಾ?"

"ಅರ್ಜುನನ್ನ ತೆಗಳೋ ಮನೇಲಿ ನಾನು ನೀರೂ ಕುಡಿಯಾಕಿಲ್ಲ."

ಇಬ್ಬರೂ ತಮ್ಮ ವೀರನನ್ನು ಬಿಟ್ಟುಕೊಟ್ಟಿದ್ದರು, ಹಟವನ್ನು ಮಾತ್ರ ಬಿಟ್ಟಿರಲಿಲ್ಲ. ಗೌಡರು ಟವಲು ಕೊಡವಿ ಎದ್ದರು. ಬಾಗಿಲ ಸಂದಿಯಲ್ಲಿ ಅಕ್ಕ ಸೆರಗು ಕಚ್ಚಿ ನಿಂತಿದ್ದಳು, ಅವಳ ಹಿಂದೆ ಹುಡುಗಿ. ಗೌಡರ ಒಂದು ಕಾಲು ಆಗಲೇ ಹೊಸ್ತಿಲಾಚೆ. ಅಲ್ಲಿಂದ ತಿರುಗಿ ಇನ್ನೊಂದು ಮಾತು ಆಡಲು ಬಾಯಿ ತೆರೆದರು.

ಭಾವನಿಗೆ ರೇಗಿಹೋಯಿತು. ತಟ್ಟೆಯಿಂದ ಮಡಿಸಿಟ್ಟ ವೀಳ್ಯ ಎತ್ತಿದವನೇ, "ಮೊದ್ಲು ಇದನ್ನಾಕ್ಕೊಂಡು ಬಾಯಿ ಮುಚ್ಚಿ," ಎಂದು ಆ ತೆರೆದ ಬಾಯಿಗೇ ತುರುಕಿದ.

ಅಕ್ಕ ಒಂದು ಉಸಿರೂ ಕಾಯದೆ ಸೋಬಾನೆ ಎತ್ತಿಬಿಟ್ಟಳು. ಅಷ್ಟು ಉದ್ದದ ಸೋಬಾನೆಯನ್ನು ನಾನು ಆಮೇಲೆಂದೂ ಕೇಳಿಲ್ಲ. ಗೌಡರು ಕೆನ್ನೆ ಉಬ್ಬಿಸಿಕೊಂಡು ಮರಳಿ ಚಾಪೆಗೆ ಬಂದು ಕೂತರು. ಹಾಡು ಮುಗಿದ ಮೇಲೆ ಹೊರಗೆ ಹೋಗಿ ಉಗುಳಿ, ಬಾಯಿ ಒರೆಸಿಕೊಂಡು ಬಂದು ಭಾವನಿಗೆ ಹೇಳಿದರು:

"ರಥದ ಚಕ್ರ ಊತ್ಕೊಂಡಾಗ್ಲೇ ಒಡೆಯೋ ಬುದ್ಧಿ ನಿಮ್ ಅರ್ಜುನನ ಕಡೆಯೋರ್ದು ಅಂತ ನಂಗೊತ್ತಿತ್ತು ಬುಡಿ, ಬೀಗ್ರೇ."